ಬದಿಯಡ್ಕದ ಪಕ್ಕದ ಮನೆಯ ಅಕ್ಕನಿಗೆ

ನಮ್ಮದು ಧಾರವಾಡದ ಕಡೆಯ ಮನೆತನ. ಅಪ್ಪನ ನೌಕರಿಯ ದೆಸೆಯಿಂದ ನಾನು ಬೆಳೆದದ್ದು ಕಾಸರಗೋಡಿನ ಬದಿಯಡ್ಕದಲ್ಲಿ. ಅಲ್ಲಿನ ಮನೆಗಳ ರೀತಿನೀತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಂದವರಿಗೆ ಮೊದಲು ಬೆಲ್ಲ, ನೀರು. ಕುಶಲ ವಿಚಾರಣೆ ಆಮೇಲೆ. ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಯಂದು ಬರಿಹೊಟ್ಟೆಗೆ ಪಾಲೆ ಮರದ ತೊಗಟೆಯ ಕಷಾಯ. ಬೆಳಕು ಹರಿಯುವ ಮೊದಲೇ, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ತೆಗೆದ ತೊಗಟೆ. ಅಬ್ಬಾ, ಆ ಕಹಿ!

ಅಕ್ಕಾ, ನಾನು ಮುಖ ಕಿವುಚಿದಾಗ ಮೆಂತೆ ಗಂಜಿಯ ಬಟ್ಟಲನ್ನು ಮೆಲ್ಲನೆ ನನ್ನತ್ತ ಸರಿಸಿದವರು ನೀವು. ಅವ್ವ ಪಲ್ಯ ಕಳಿಸಿದ ಪಾತ್ರೆಯನ್ನು ನೀವೆಂದೂ ಬರಿದಾಗಿ ಮರಳಿಸಲಿಲ್ಲ; ನಾಲ್ಕು ಬಸಳೆ ದಂಟಾದರೂ ಇರುತ್ತಿತ್ತು. ಅದನ್ನು ನೋಡಿಯೇ ಅವ್ವ ಕಲಿತಳು. ಘಟ್ಟದ ಮೇಲಿನವರೆಂದು ನಮ್ಮನ್ನು ತಿದ್ದಲು ಹೋಗದೆ ಮಾಡಿ ತೋರಿಸಿದಿರಿ. ಹೆಸರು ಬರೆದರೆ ನಿಮಗೆ ಸಿಟ್ಟು ಬರುತ್ತದೆಂದು ಬಲ್ಲೆ. ಅವ್ವನ ಪರವಾಗಿಯೂ ಧನ್ಯವಾದಗಳು.