ಪೋಸ್ಟರ್ ಮುಂದೆ ಬಂದ ಪ್ರಶ್ನೆಗಳು ದಾಖಲಾಗಲಿ

ಮಾನ್ಯ ಸಂಪಾದಕರೇ,

ವಿದೇಶಗಳಲ್ಲಿ ನಡೆಯುವ ಕೃಷಿ ಸಮ್ಮೇಳನಗಳಿಗೆ ವಿದ್ಯಾರ್ಥಿಗಳನ್ನು ಕಳುಹಿಸುವುದು ಹಣದ ಪೋಲು, ಪ್ರವಾಸಕ್ಕೊಂದು ನೆಪ ಎಂಬ ಮಾತು ಆಗಾಗ ಕೇಳಿಬರುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ನಡೆದ ಭತ್ತದ ಬೇಸಾಯ ಕುರಿತ ಅಂತರರಾಷ್ಟ್ರೀಯ ಸಮ್ಮೇಳನವೊಂದರಲ್ಲಿ ಭಾಗವಹಿಸಿ ಬಂದಿರುವ ನಾನು ಈ ಟೀಕೆಯನ್ನು ಪೂರ್ತಿಯಾಗಿ ತಳ್ಳಿಹಾಕಲಾರೆ. ಆದರೆ ಪೋಲು ಆಗುತ್ತಿರುವುದು ವಿಮಾನದ ಟಿಕೆಟ್ಟಿನಲ್ಲಲ್ಲ, ಹಿಂತಿರುಗಿದ ನಂತರ ಎಂಬುದು ನನ್ನ ಅನಿಸಿಕೆ.

ಇಂಥ ಸಮ್ಮೇಳನಗಳ ದೊಡ್ಡ ಸಭಾಂಗಣ ಹಿರಿಯ ವಿಜ್ಞಾನಿಗಳ ಪಾಲು. ವಿದ್ಯಾರ್ಥಿಗೆ ಸಾಮಾನ್ಯವಾಗಿ ಸಿಗುವುದು ತನ್ನ ಸಂಶೋಧನೆಯ ಸಾರವಿರುವ ಪೋಸ್ಟರ್ ಅಂಟಿಸಲು ಒಂದು ಫಲಕ, ಅದರ ಪಕ್ಕದಲ್ಲಿ ನಿಲ್ಲಲು ಒಂದಿಷ್ಟು ಹೊತ್ತು. ಭಾಷಣಗಳ ಸಾರಾಂಶವನ್ನು ಯಾರು ಬೇಕಾದರೂ ಆಮೇಲೆ ಓದಿಕೊಳ್ಳಬಹುದು; ಫಲಕದ ಮುಂದೆ ನಡೆದ ಮಾತು ಮಾತ್ರ ಎಲ್ಲಿಯೂ ಅಚ್ಚಾಗುವುದಿಲ್ಲ.

ನನ್ನ ಪೋಸ್ಟರ್ ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ, ಒಣಗಲು ಬಿಟ್ಟು ಮತ್ತೆ ಹಾಯಿಸುವ ಪದ್ಧತಿಯನ್ನು ಕುರಿತದ್ದು. ರಂಧ್ರಗಳಿರುವ ಕೊಳವೆಯೊಂದನ್ನು ಗದ್ದೆಯಲ್ಲಿ ಹೂತು, ಅದರೊಳಗಿನ ನೀರು ಮಣ್ಣಿನ ಮೇಲ್ಮೈಯಿಂದ 15 ಸೆಂ.ಮೀ. ಕೆಳಗಿಳಿದ ಮೇಲಷ್ಟೇ ಮತ್ತೆ ನೀರು ಕೊಡಬೇಕು; ತೆನೆ ಹೊರಬಂದು ಹೂವಾಗುವ ಹಂತದಲ್ಲಿ ಮಾತ್ರ ಗದ್ದೆ ಒಣಗಕೂಡದು. ಸರಿಯಾಗಿ ಮಾಡಿದರೆ ಇಳುವರಿ ಕುಗ್ಗದೆ ಶೇ 30ರವರೆಗೆ ನೀರು ಉಳಿಯುತ್ತದೆ, ನೀರು ನಿಂತ ಮಣ್ಣಿನಿಂದ ಹೊರಬರುವ ಮಿಥೇನ್ ಅನಿಲವೂ ಗಣನೀಯವಾಗಿ ತಗ್ಗುತ್ತದೆ. ಇವೆಲ್ಲ ಪಠ್ಯದಲ್ಲಿರುವ ವಿಷಯಗಳೇ.

ಬಾಂಗ್ಲಾದೇಶದ ಸಂಶೋಧಕಿಯೊಬ್ಬರು ಪೋಸ್ಟರನ್ನು ಪೂರ್ತಿ ಓದಿ, ಕೊಳವೆಯ ಚಿತ್ರದ ಮೇಲೆ ಬೆರಳಿಟ್ಟು, ಉಳಿದ ನೀರಿನ ಲಾಭ ಯಾರಿಗೆ ಎಂದು ಕೇಳಿದರು. ಅವರ ದೇಶದ ಅನೇಕ ಕಡೆ ರೈತ ಪಂಪಿನ ಮಾಲೀಕನಿಗೆ ಇಡೀ ಹಂಗಾಮಿಗೆ ಇಂತಿಷ್ಟು ಹಣವನ್ನೋ ಬೆಳೆಯಲ್ಲಿ ಪಾಲನ್ನೋ ಕೊಡುವುದರಿಂದ, ಪಂಪು ಕಡಿಮೆ ಓಡಿ ಉಳಿದ ಡೀಸೆಲ್ ಮಾಲೀಕನದಾಗುತ್ತದೆಯೇ ಹೊರತು ರೈತನದಲ್ಲ. ಹೀಗಿರುವಾಗ ಅವನು ದಿನಾ ಹೋಗಿ ಆ ಕೊಳವೆಯೊಳಗೆ ಏಕೆ ಇಣುಕಬೇಕು? ಫಿಲಿಪ್ಪೀನ್ಸಿನವರೇ ಆದ ಮತ್ತೊಬ್ಬರು ಬೋಹೋಲ್ ದ್ವೀಪದ ಉದಾಹರಣೆ ಕೊಟ್ಟರು. ಅಲ್ಲಿ ಕಾಲುವೆಯ ನೀರನ್ನೇ ಸರದಿಯ ಮೇಲೆ ಬಿಟ್ಟಿದ್ದರಿಂದ ಗದ್ದೆಗಳು ತಾವಾಗಿ ಒಣಗಿ ನೆನೆಯುವ ಕ್ರಮಕ್ಕೆ ಬಂದವಂತೆ. ಸಂಶೋಧನಾ ತಾಕುಗಳಲ್ಲಿ ಈ ಪ್ರಶ್ನೆಗಳು ಹುಟ್ಟುವುದೇ ಇಲ್ಲ, ಏಕೆಂದರೆ ಅಲ್ಲಿ ನೀರಿನ ಗೇಟು ಸಂಶೋಧಕರ ಕೈಯಲ್ಲೇ ಇರುತ್ತದೆ.

ಸಮ್ಮೇಳನದ ಭಾಗವಾಗಿ ಲಾಸ್ ಬಾನ್ಯೋಸ್‌ನಲ್ಲಿರುವ, 1960ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಗೂ ನಮ್ಮನ್ನು ಕರೆದೊಯ್ದರು. ಭತ್ತದ ತಳಿಗಳ ಬೀಜಗಳನ್ನು ಮೈನಸ್ 20 ಡಿಗ್ರಿಯಲ್ಲಿ ಕಾಪಿಟ್ಟಿರುವ ಕೊಠಡಿಯ ಬಳಿ ಫೋಟೊ ತೆಗೆಸಿಕೊಳ್ಳುವವರ ನೂಕುನುಗ್ಗಲು. ನನಗೆ ಹೆಚ್ಚು ಹಿಡಿಸಿದ್ದು 1960ರ ದಶಕದಿಂದ ವರ್ಷಕ್ಕೆ ಮೂರು ಬೆಳೆಯಂತೆ ಬಿಡುವಿಲ್ಲದೆ ಭತ್ತ ಬೆಳೆಯುತ್ತಿರುವ ಪ್ರಯೋಗದ ಗದ್ದೆ. ನೋಡಲು ಅದು ಬರೀ ಗದ್ದೆ. ಆದರೆ ಪ್ರತಿ ಬೆಳೆಯ ಲೆಕ್ಕವನ್ನೂ ಬರೆದಿಟ್ಟಿರುವುದರಿಂದ, ಅದನ್ನು ಆರಂಭಿಸಿದವರು ಊಹಿಸಿರದ ಪ್ರಶ್ನೆಗಳನ್ನು ಇಂದಿನವರು ಅದಕ್ಕೆ ಕೇಳಬಲ್ಲರು.

ಸಮ್ಮೇಳನದಿಂದ ಮರಳಿದ ವಿದ್ಯಾರ್ಥಿಯಿಂದ ಲೆಕ್ಕಪತ್ರ ವಿಭಾಗ ಕೇಳುವುದು ಬೋರ್ಡಿಂಗ್ ಪಾಸ್, ರಸೀದಿ ಮತ್ತು ಹಾಜರಾತಿಯ ಪ್ರಮಾಣಪತ್ರ. ಅಲ್ಲಿ ಯಾರು ಏನು ಕೇಳಿದರು, ಯಾವುದಕ್ಕೆ ಉತ್ತರವಿರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಕಡತ ಮುಚ್ಚುತ್ತದೆ; ಮುಂದಿನ ವರ್ಷ ಹೋಗುವವರು ಅದೇ ಪ್ರಶ್ನೆಗಳನ್ನು ಹೊಸದಾಗಿ ಎದುರಿಸುತ್ತಾರೆ.

ಆದ್ದರಿಂದ ಪ್ರಯಾಣದ ಅನುದಾನದ ಕೊನೆಯ ಕಂತು ಕೊಡುವ ಮುನ್ನ ಇಂಥ ಪ್ರಶ್ನೆಗಳ ಲಿಖಿತ ವರದಿಯನ್ನು ಕಡ್ಡಾಯವಾಗಿ ಪಡೆದು, ವಿಭಾಗದ ಎಲ್ಲರಿಗೂ ಓದಲು ಸಿಗುವಂತೆ ಇಡಬೇಕೆಂದು ಶಿಕ್ಷಣ ಸಂಸ್ಥೆಗಳಲ್ಲಿ ವಿನಂತಿಸುತ್ತೇನೆ. ಹೊರಡುವ ಮೊದಲು ಪೋಸ್ಟರನ್ನು ಮಾರ್ಗದರ್ಶಕರಿಗೆ ಮಾತ್ರವಲ್ಲದೆ ಒಬ್ಬ ಅರ್ಥಶಾಸ್ತ್ರಜ್ಞರಿಗೆ, ನೀರಾವರಿ ಎಂಜಿನಿಯರಿಗೆ ಮತ್ತು ಸ್ವತಃ ಗದ್ದೆ ಮಾಡುವವರಿಗೆ ತೋರಿಸುವ ವ್ಯವಸ್ಥೆಗೆ ಖರ್ಚೇನೂ ತಗಲುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸಮ್ಮೇಳನದಲ್ಲಿ ಎದ್ದ ಗಟ್ಟಿ ಪ್ರಶ್ನೆಗೆ ಉತ್ತರ ಹುಡುಕಲು ಒಪ್ಪಿತವಾದ ಸಂಶೋಧನಾ ರೂಪರೇಷೆಯನ್ನು ನಡುವೆಯೇ ತಿದ್ದಿಕೊಳ್ಳುವ ಅವಕಾಶವನ್ನು ವಿದ್ಯಾರ್ಥಿಗಳಿಗೆ ನಿಯಮದಲ್ಲೇ ಕಲ್ಪಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಕೃಷಿ ಸಂಶೋಧನಾ ವಿದ್ಯಾರ್ಥಿನಿ