ಸಿ ಲ್ಯಾಬ್‌ನಲ್ಲಿ ಔಟ್‌ಪುಟ್ ಬಂದರೆ ಸಾಕೇ?

ಮಾನ್ಯ ಸಂಪಾದಕರೇ,

ಧಾರವಾಡದ ಕಾಲೇಜೊಂದರಲ್ಲಿ ಮೊದಲ ಸೆಮಿಸ್ಟರ್ ಓದುತ್ತಿರುವ ನನ್ನ ತಂಗಿಯ ಮಗ ಕಳೆದ ವಾರ ತನ್ನ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬ್ ರೆಕಾರ್ಡ್ ತೋರಿಸಿದ. 8ರ ಫ್ಯಾಕ್ಟೋರಿಯಲ್ ಕಂಡುಹಿಡಿಯುವ ಪ್ರೋಗ್ರಾಮಿನ ಕೆಳಗೆ ಔಟ್‌ಪುಟ್ -25216 ಎಂದು ದುಂಡಗೆ ಬರೆದಿದ್ದ. ಪಕ್ಕದಲ್ಲಿ ಕೆಂಪು ಶಾಯಿಯ ರೈಟ್ ಗುರುತೂ ಸಹಿಯೂ ಇದ್ದವು. ಒಂದರಿಂದ ಎಂಟರವರೆಗೆ ಗುಣಿಸಿದರೆ ಋಣಸಂಖ್ಯೆ ಹೇಗಪ್ಪಾ ಬಂತು ಎಂದರೆ, ‘ಕಂಪ್ಯೂಟರ್ ಹಂಗ ತೋರಸ್ತು ಮಾಮಾ, ಎಲ್ಲಾರ್ದೂ ಅಷ್ಟ ಬಂದೈತಿ’ ಎಂದ.

ಸರಿಯಾದ ಉತ್ತರ 40320. ಅವರ ಲ್ಯಾಬಿನಲ್ಲಿ ಇನ್ನೂ ಬಳಕೆಯಲ್ಲಿರುವ ಟರ್ಬೊ ಸಿ 16 ಬಿಟ್ ಕಾಲದ ಕಂಪೈಲರ್ (ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಆಗಿದ್ದು, ಪೂರ್ಣಾಂಕ ಇಡುವ ಅದರ ಇಂಟ್‌ನಲ್ಲಿ 32767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲವಾದ್ದರಿಂದ, 40320ರಲ್ಲಿ 65536 ಕಳೆದು ಉಳಿದದ್ದು ಪರದೆಯ ಮೇಲೆ ಬಂದಿದೆ. ಹಾಗೆಂದು ಜಿಸಿಸಿ ಎಂಬ ಇಂದಿನ ಕಂಪೈಲರ್ ಹಾಕಿಸಿದ ಮಾತ್ರಕ್ಕೆ ತೊಂದರೆ ತೀರದು. ಈಗಿನ ಕಂಪ್ಯೂಟರುಗಳಲ್ಲಿ ಅದರ ಇಂಟ್ 32 ಬಿಟ್ ಇರುವುದರಿಂದ 12ರವರೆಗೆ ಉತ್ತರ ಸರಿ ಬಂದು, 13ಕ್ಕೆ 6227020800ರ ಬದಲು ಸಾಮಾನ್ಯವಾಗಿ 1932053504 ಬರುತ್ತದೆ. ಮೈನಸ್ ಗುರುತೂ ಇಲ್ಲದ ಈ ತಪ್ಪು ಸಹಿ ಹಾಕುವವರ ಕಣ್ಣಿಗೆ ಬೀಳುವುದು ಇನ್ನೂ ಕಷ್ಟ.

ಅದೇ ರೆಕಾರ್ಡಿನಲ್ಲಿ ಹತ್ತು ಅಕ್ಷರಕ್ಕಷ್ಟೇ ಜಾಗವಿರುವ ಅರೇ ಒಂದಕ್ಕೆ, ಟೈಪ್ ಮಾಡಿದ ಸಾಲನ್ನು ಅಳತೆ ನೋಡದೆ ಓದುವ ಗೆಟ್ಸ್ ಎಂಬ ಫಂಕ್ಷನ್ ಮೂಲಕ ಹೆಸರು ಓದಿಸಲಾಗಿತ್ತು. ಮಲ್ಲಿಕಾರ್ಜುನ ಎಂಬ ಹೆಸರಿಗೆ ಇಂಗ್ಲಿಷಿನಲ್ಲಿ ಹನ್ನೆರಡು ಅಕ್ಷರ ಬೇಕು, ಹೆಸರು ಮುಗಿಯಿತೆಂದು ಸೂಚಿಸುವ ಕೊನೆಯ ಶೂನ್ಯಕ್ಕೆ ಇನ್ನೊಂದು. ಹೆಚ್ಚಾದದ್ದು ಪಕ್ಕದ ಮೆಮೊರಿಯನ್ನು ತುಳಿಯುತ್ತದೆ. 1988ರ ಮಾರಿಸ್ ವರ್ಮ್ ಎಂಬ, ತಾನೇ ಹರಡುವ ಕುತಂತ್ರಾಂಶ ಇಂಟರ್ನೆಟ್ಟಿನ ಯಂತ್ರಗಳೊಳಗೆ ನುಗ್ಗಲು ಬಳಸಿದ ದಾರಿಗಳಲ್ಲಿ ಇದೇ ಗೆಟ್ಸ್ ಕೂಡ ಒಂದು. 2011ರ ಸಿ ಮಾನಕದಿಂದಲೇ ತೆಗೆದುಹಾಕಿರುವ ಈ ಫಂಕ್ಷನ್ನನ್ನು ಇಂದಿನ ಮಕ್ಕಳಿಗೆ ಮೊದಲ ಪಾಠವಾಗಿ ಕಲಿಸುವುದೇಕೆ? ಅಳತೆ ಹೇಳಿ ಓದಿಸುವ ಎಫ್‌ಗೆಟ್ಸ್ ಇದೆಯಲ್ಲ.

ನಾನೂ ಹದಿನೈದು ವರ್ಷ ಸಿ ಬರೆದವನು. ಷರತ್ತು ಪರೀಕ್ಷಿಸುವ ಇಫ್ ಒಳಗೆ, ಹೋಲಿಕೆಯ ಎರಡು ಸಮಚಿಹ್ನೆಯ (==) ಬದಲು ಬೆಲೆ ತುಂಬುವ ಒಂದೇ (=) ಹಾಕಿ ರಾತ್ರಿಯಿಡೀ ತಪ್ಪು ಹುಡುಕಿದ್ದೇನೆ. ಜಿಸಿಸಿಗೆ ಎಚ್ಚರಿಕೆಗಳನ್ನು ತೋರಿಸೆಂದು ಹೇಳುವ ‘ವಾಲ್’ (-Wall) ಆಯ್ಕೆ ಕೊಟ್ಟು ಕಂಪೈಲ್ ಮಾಡಿದ್ದರೆ ಅದು ಆ ಸಾಲಿನ ನಂಬರ್ ಸಮೇತ ಎಚ್ಚರಿಸುತ್ತಿತ್ತು. ಇನ್‌ಪುಟ್ ಓದುವ ಸ್ಕ್ಯಾನ್‌ಎಫ್‌ನಲ್ಲಿ ಆಂಪರ್‌ಸ್ಯಾಂಡ್ (&) ಗುರುತು ಮರೆತರೂ ಹೇಳುತ್ತದೆ. ಆದರೆ ನಮ್ಮ ಹುಡುಗರು ಇಂಥ ವಾರ್ನಿಂಗ್ ಬಂದರೆ ‘ಎರರ್ ಅಲ್ಲಲ್ಲ, ರನ್ ಆಗ್ತೈತಿ’ ಎಂದು ಮುಂದೆ ಹೋಗುವುದನ್ನೇ ರೂಢಿ ಮಾಡಿಕೊಂಡಿದ್ದಾರೆ.

ಆದ್ದರಿಂದ ಅವಳಿ ನಗರದ ಕಾಲೇಜುಗಳ ಉಪನ್ಯಾಸಕರಲ್ಲಿ ನನ್ನ ವಿನಂತಿಯಿಷ್ಟೆ: ಲ್ಯಾಬ್ ಪರೀಕ್ಷೆಯಲ್ಲಿ ಒಂದೂ ವಾರ್ನಿಂಗ್ ಇಲ್ಲದೆ ಕಂಪೈಲ್ ಆದದ್ದಕ್ಕೆ ಕೆಲವು ಅಂಕಗಳನ್ನಿಡಿ, ಮತ್ತು ತಮ್ಮ ಪ್ರೋಗ್ರಾಮ್ ಯಾವ ಇನ್‌ಪುಟ್‌ಗೆ ತಪ್ಪು ಉತ್ತರ ಕೊಡುತ್ತದೆಂಬುದನ್ನು ವಿದ್ಯಾರ್ಥಿಗಳಿಂದಲೇ ರೆಕಾರ್ಡಿನಲ್ಲಿ ಬರೆಸಿ, ಆಮೇಲೆ ಸಹಿ ಹಾಕಿ.

– ಓರ್ವ ಪ್ರೋಗ್ರಾಮರ್, ವಿದ್ಯಾನಗರ, ಹುಬ್ಬಳ್ಳಿ