ಮುಂದೇನು ಗತಿ ಅಂತ ಕೇಳಿದ ಅಪ್ಪನಿಗೆ

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನೀವೂ ಅಮ್ಮನೂ ಆರೋಗ್ಯವಾಗಿದ್ದೀರಿ ಅಂತ ಅಕ್ಕ ಹೇಳಿದಳು. ಫೋನಿನಲ್ಲಿ ಈ ವಿಷಯ ಎತ್ತಿದರೆ ಐದೇ ನಿಮಿಷಕ್ಕೆ ನಮ್ಮಿಬ್ಬರ ದನಿಯೂ ಏರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರವಾದರೆ ನೀವು ನಡುವೆ ತಡೆಯುವ ಹಾಗಿಲ್ಲ ನೋಡಿ!

"ಇನ್ನು ಹತ್ತು ವರ್ಷಕ್ಕೆ ಜನ ಬದುಕೋದಾದರೂ ಹೇಗೆ?" ಅಂತ ಕೇಳಿದಿರಿ. ಬಿಸಿಲು ಹೀಗೆ, ಬೆಲೆ ಹೀಗೆ, ಇದ್ದಬದ್ದ ಕೆಲಸವನ್ನೆಲ್ಲ ಕಂಪ್ಯೂಟರೇ ಮಾಡಿದರೆ ಮೊಮ್ಮಗನಿಗೆ ಏನು ಉಳಿಯುತ್ತೆ ಅಂದಿರಿ. "ಎಲ್ಲ ಸರಿಹೋಗುತ್ತೆ ಬಿಡಿ" ಅಂತ ಅಕ್ಕ ಅಂದಿದ್ದಕ್ಕೆ ನಿಮಗೆ ಸಿಟ್ಟು ಬಂತಂತೆ. ಬರೋದೇ. ಅದು ಸಮಾಧಾನದ ಮಾತು, ಉತ್ತರ ಅಲ್ಲ.

ಇಲ್ಲಿನ ಜನರೂ ಹೀಗೇ ಮಾತಾಡುತ್ತಾರೆ ಅಪ್ಪ. ಬಸ್ಸಿನಲ್ಲಿ, ಆಫೀಸಿನಲ್ಲಿ, ಎಲ್ಲಿ ಹೋದರೂ ಇದೇ ರಾಗ. ಆದರೆ ಒಂದು ವಿಚಿತ್ರ ಇದೆ. ನಿಮ್ಮನೆ ಹೇಗೆ ನಡೀತಿದೆ ಅಂತ ಕೇಳಿ, "ಪರವಾಗಿಲ್ಲ" ಅಂತಾರೆ. ದೇಶ ಹೇಗಿದೆ ಅಂತ ಕೇಳಿ, "ಮುಗಿದೇ ಹೋಯ್ತು" ಅಂತಾರೆ. ಎಷ್ಟೋ ದೇಶಗಳ ಸಮೀಕ್ಷೆಗಳಲ್ಲಿ ಇದೇ ಉತ್ತರ ಮತ್ತೆ ಮತ್ತೆ ಬಂದಿದೆ. ನಮ್ಮ ಮನೆಯನ್ನು ನಾವು ಕಣ್ಣಾರೆ ನೋಡುತ್ತೇವೆ, ಲೋಕವನ್ನು ಟೀವಿಯಲ್ಲಿ ನೋಡುತ್ತೇವೆ, ಅದಕ್ಕೇ ಇರಬೇಕು. ನೀವೂ ಹಾಗೇ ಅಲ್ವಾ? ಲೋಕ ಹಾಳಾಯ್ತು ಅಂದ ಬಾಯಲ್ಲೇ, ಮುಂದಿನ ವರ್ಷ ಮಹಡಿ ಮೇಲೆ ಇನ್ನೊಂದು ರೂಮು ಹಾಕಿಸೋ ಲೆಕ್ಕ ಹೇಳಿದಿರಿ. ಮುಳುಗೋ ಹಡಗಿಗೆ ಯಾರಾದರೂ ಬಣ್ಣ ಹೊಡೆಸ್ತಾರಾ?

ಹಾಗಂತ ನಿಮ್ಮ ಭಯವೆಲ್ಲ ಟೀವಿಯವರು ಹುಟ್ಟಿಸಿದ್ದು ಅಂತ ನಾನು ಹೇಳುವುದಿಲ್ಲ. 2024, ಭೂಮಿಯ ಬಿಸಿ ಅಳೆಯೋಕೆ ಶುರು ಮಾಡಿದಾಗಿನಿಂದ ಅತಿ ಬಿಸಿಯಾದ ವರ್ಷ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಇದ್ದ ಸರಾಸರಿಗಿಂತ ಒಂದೂವರೆ ಡಿಗ್ರಿಗೂ ಜಾಸ್ತಿ. 2015ರಲ್ಲಿ ಪ್ಯಾರಿಸ್‌ನಲ್ಲಿ ದೇಶಗಳೆಲ್ಲ ಸೇರಿ, ಆದಷ್ಟು ಮಟ್ಟಿಗೆ ಇದನ್ನು ದಾಟಬಾರದು ಅಂತ ಎಳೆದ ಗೆರೆ ಅದೇ. ಆ ಗೆರೆಯನ್ನು ಹಲವು ವರ್ಷಗಳ ಸರಾಸರಿಯಲ್ಲಿ ನೋಡಬೇಕು, ಒಂದು ವರ್ಷ ಮೀರಿದರೆ ದಾಟಿದ ಹಾಗಲ್ಲ. ಆದರೂ ಎದೆ ಧಸಕ್ ಅನ್ನುತ್ತೆ. ಬಿಸಿಲಿನ ಮಾತಿನಲ್ಲಿ ನಾನು ನಿಮ್ಮ ಕಡೆಯೇ. ಇನ್ನು ಹತ್ತು ವರ್ಷದಲ್ಲಿ ಬೇಸಿಗೆ ತಂಪಾಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಬೆಲೆಯ ಬಗ್ಗೆಯೂ ನನ್ನ ಹತ್ತಿರ ಸಮಾಧಾನದ ಮಾತಿಲ್ಲ. ಪೇಪರಿನಲ್ಲಿ ಹಣದುಬ್ಬರ ಇಳೀತು ಅಂತ ಬಂದರೆ ಬೆಲೆ ಇಳೀತು ಅಂತ ಅರ್ಥ ಅಲ್ಲ, ಮುಂಚಿಗಿಂತ ನಿಧಾನವಾಗಿ ಏರುತ್ತಿದೆ ಅಂತ ಅಷ್ಟೇ. ಅದಕ್ಕೇ ಪೇಪರ್ ಒಂದು ಹೇಳುತ್ತೆ, ಕೈಚೀಲ ಇನ್ನೊಂದು ಹೇಳುತ್ತೆ.

ಆದರೆ ಒಡಿಶಾ ನೆನಪು ಮಾಡಿಕೊಳ್ಳಿ. 1999ರ ಅಕ್ಟೋಬರಿನ ಚಂಡಮಾರುತದಲ್ಲಿ ಹತ್ತು ಸಾವಿರದಷ್ಟು ಜನ ಸತ್ತರು. 2013ರಲ್ಲಿ, ಅದೇ ಅಕ್ಟೋಬರ್ ತಿಂಗಳಲ್ಲಿ, ಫೈಲಿನ್ ಅನ್ನೋ ಚಂಡಮಾರುತ ಬಂತು. ಅದೇನೂ ಸಣ್ಣದಲ್ಲ, ಗಂಟೆಗೆ 200 ಕಿಲೋಮೀಟರ್ ಮೀರಿದ ಗಾಳಿ. ಸತ್ತವರು ಐವತ್ತರ ಒಳಗೆ. 1999ರದಕ್ಕಿಂತ ಗಾಳಿಯ ಬಲ ಸ್ವಲ್ಪ ಕಡಿಮೆ ಇತ್ತು, ನಿಜ. ಆದರೆ ಅಷ್ಟಕ್ಕೇ ಇಷ್ಟು ಜನ ಉಳಿಯಲಿಲ್ಲ, ನಡುವಿನ ಹದಿನಾಲ್ಕು ವರ್ಷದಲ್ಲಿ ಜನ ಕೂತು ಕೆಲಸ ಮಾಡಿದ್ದರು. ವಿಪತ್ತು ನೋಡಿಕೊಳ್ಳೋಕೆ ಅಂತಲೇ ರಾಜ್ಯ ಸರ್ಕಾರ ಒಂದು ಪ್ರಾಧಿಕಾರ ಮಾಡಿತು. ಕರಾವಳಿಯ ಉದ್ದಕ್ಕೂ ಆಶ್ರಯ ಕಟ್ಟಡಗಳು ಎದ್ದವು, ಸಮುದ್ರದ ನೀರು ನುಗ್ಗಿದರೆ ಕೆಳಗಿಂದಲೇ ಹರಿದು ಹೋಗಲಿ ಅಂತ ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ್ದು. ಗಾಳಿ ಇಲ್ಲದ ದಿನ ಎಷ್ಟೋ ಕಡೆ ಅವುಗಳಲ್ಲೇ ಶಾಲೆ ನಡೆಯುತ್ತೆ. ಹಾಗಾಗಿ ಬೀಗ ಹಾಕಿ ಬಿಟ್ಟು ಪಾಳು ಬೀಳೋದಿಲ್ಲ, ದಾರಿ ಎಲ್ಲರಿಗೂ ಗೊತ್ತಿರುತ್ತೆ. ಊರಿನವರಿಗೆ ತಾಲೀಮು ಕೊಟ್ಟರು. ಫೈಲಿನ್ ದಡ ಮುಟ್ಟೋ ಮುಂಚೆ ಹತ್ತು ಲಕ್ಷದ ಆಸುಪಾಸು ಜನರನ್ನು ಮನೆ ಬಿಡಿಸಿ ಕರೆದುಕೊಂಡು ಹೋದರು. ಮನೆಗಳು ಹೋದವು, ಬೆಳೆ ಹೋಯಿತು. ಜನ ಉಳಿದರು.

ಇದರಲ್ಲಿ ನನಗೆ ಇಷ್ಟ ಆಗೋದು ಯಾವುದು ಗೊತ್ತಾ? ಆ ಕೆಲಸ ಮಾಡಿದವರು ಎಲ್ಲ ಸರಿಹೋಗುತ್ತೆ ಅನ್ನೋ ಪೈಕಿ ಅಲ್ಲ. ಇನ್ನೊಂದು ಬಂದೇ ಬರುತ್ತೆ ಅಂತ ಖಾತ್ರಿ ಇದ್ದವರು. ಗಾಳಿಯ ಮೇಲೆ ಅವರಿಗೆ ಒಂದಿಷ್ಟೂ ನಂಬಿಕೆ ಇರಲಿಲ್ಲ. ತಮ್ಮ ಕೈಲಿ ಏನಾದರೂ ಆಗುತ್ತೆ ಅನ್ನೋದರ ಮೇಲೆ ಇತ್ತು. ಕೆಟ್ಟದ್ದು ಬಂದೇ ಬರುತ್ತೆ ಅನ್ನೋ ಖಾತ್ರಿ ನಿಮ್ಮ ಹತ್ತಿರ ಬೇಕಾದಷ್ಟಿದೆ. ನಮ್ಮ ಕೈಲಿ ಏನಾದರೂ ಆಗುತ್ತೆ ಅನ್ನೋ ನಂಬಿಕೆಯನ್ನು ಯಾಕೆ ಬಿಟ್ಟಿರಿ ಅನ್ನೋದೇ ನನ್ನ ತಕರಾರು. ನಿಮ್ಮ ಮಹಡಿ ರೂಮಿಗೂ ಇದೇ ಲೆಕ್ಕ ಹಿಡಿಯಿರಿ. ಬಿಸಿಲು ಜಾಸ್ತಿಯಾಗುತ್ತೆ ಅಂತಲೇ ಇಟ್ಟುಕೊಂಡು ಕಟ್ಟಿಸಿ. ಪಶ್ಚಿಮಕ್ಕೆ ದೊಡ್ಡ ಕಿಟಕಿ ಬೇಡ, ಸಜ್ಜಾ ಅಗಲವಾಗಿರಲಿ, ತಾರಸಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಹೊಡೆಸಿ. ಮೇಸ್ತ್ರಿ ಬೇಡ ಅಂದರೂ ಬಿಡಬೇಡಿ.

ಇನ್ನು ನಿಮ್ಮ ಕಣ್ಣಿನ ವಿಷಯ. ಅಜ್ಜಿಗೆ ಪೊರೆ ತೆಗೆದಾಗ ಒಳಗೆ ಲೆನ್ಸ್ ಹಾಕಿರಲಿಲ್ಲ. ಆಮೇಲೆ ಆ ಸೋಡಾಬುಡ್ಡಿ ಕನ್ನಡಕ. ಅದನ್ನು ಹಾಕಿಕೊಂಡರೆ ಮೆಟ್ಟಿಲು ಎಲ್ಲಿದೆ ಅಂತ ಕಾಲಿನಲ್ಲೇ ತಡಕಾಡೋರು, ನಿಮಗೆ ನೆನಪಿರಬೇಕು. ನಿಮಗಾದರೆ ಬೆಳಗ್ಗೆ ಹೋಗಿ ಮಧ್ಯಾಹ್ನಕ್ಕೆ ಮನೆಗೆ ಬಂದಿರಿ. ಇದರ ಹಿಂದಿನ ಕತೆ ಓದಿ ನನಗೆ ಆಶ್ಚರ್ಯವಾಯಿತು. ಹೆರಾಲ್ಡ್ ರಿಡ್ಲಿ ಅಂತ ಲಂಡನ್ನಿನ ಕಣ್ಣಿನ ಡಾಕ್ಟರ್. ಎರಡನೇ ಮಹಾಯುದ್ಧದಲ್ಲಿ ಪೈಲಟ್ ಕೂರೋ ಜಾಗದ ಮೇಲಿನ ಪಾರದರ್ಶಕ ಮುಚ್ಚಳ ಒಡೆದು ಅದರ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣಿಗೆ ಹೊಕ್ಕಿತ್ತು. ಆ ಚೂರು ಒಳಗೇ ಉಳಿದರೂ ಕಣ್ಣು ಕೆಡುತ್ತಿಲ್ಲ ಅನ್ನೋದನ್ನು ಅವರು ಗಮನಿಸಿದರು. ಅಂಥದ್ದೇ ಪ್ಲಾಸ್ಟಿಕ್ಕಿನಲ್ಲಿ ಲೆನ್ಸ್ ಮಾಡಿಸಿ 1949ರಲ್ಲಿ ಮೊದಲ ಸಲ ರೋಗಿಯ ಕಣ್ಣಿಗೆ ಹಾಕಿದರು. ದೊಡ್ಡ ದೊಡ್ಡ ಡಾಕ್ಟರುಗಳೇ ವಿರೋಧಿಸಿದರು. ಲೆನ್ಸ್ ನೆಲೆಯಾಗೋಕೆ ದಶಕಗಳೇ ಹಿಡಿದವು. ನಮ್ಮ ಕಡೆ ಮದುರೈಯ ಅರವಿಂದ ಕಣ್ಣಿನ ಆಸ್ಪತ್ರೆಯವರು 1992ರಲ್ಲಿ ಅರೋಲ್ಯಾಬ್ ಅನ್ನೋ ಕಾರ್ಖಾನೆ ಶುರು ಮಾಡಿ, ಲೆನ್ಸನ್ನು ಇಲ್ಲೇ ತಯಾರಿಸಿ ಬೆಲೆ ಇಳಿಸಿದರು. ಬಡವರ ಕಣ್ಣಿಗೂ ಅದು ಬಂತು. ಅಜ್ಜಿಗೆ ಮಾತ್ರ ಸಿಗಲಿಲ್ಲ. ನನಗೆ ಈಗಲೂ ಬೇಜಾರಾಗೋದು ಅದೇ. ಒಳ್ಳೆಯದು ಬರುತ್ತೆ, ಎಲ್ಲರ ಪಾಲಿಗೆ ಒಂದೇ ಸಲ ಬರೋದಿಲ್ಲ.

ಪುಟ್ಟನ ಓದಿನ ವಿಷಯಕ್ಕೆ ಬಂದರೆ ನನಗೂ ಅಷ್ಟು ಧೈರ್ಯ ಇಲ್ಲ. ಭವಿಷ್ಯ ಹೇಳೋರನ್ನು ನಂಬೋದು ಕಷ್ಟ. ಜೆಫ್ರಿ ಹಿಂಟನ್ ಅಂತ, ಕಂಪ್ಯೂಟರಿಗೆ ಬುದ್ಧಿ ಕಲಿಸೋ ಈ ಎಐ ವಿದ್ಯೆಯ ಹಿರಿತಲೆ, 2024ರಲ್ಲಿ ನೊಬೆಲ್ ಬಂದವರು. 2016ರಲ್ಲೇ ಅವರು, ಎಕ್ಸ್‌ರೇ, ಸ್ಕ್ಯಾನ್ ನೋಡೋ ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡೋದನ್ನು ನಿಲ್ಲಿಸಿಬಿಡಿ, ಐದು ವರ್ಷದಲ್ಲಿ ಯಂತ್ರವೇ ಚೆನ್ನಾಗಿ ನೋಡುತ್ತೆ ಅಂದಿದ್ದರು. ಇವತ್ತಿಗೂ ಎಷ್ಟೋ ದೇಶಗಳಲ್ಲಿ ರೇಡಿಯಾಲಜಿಸ್ಟ್‌ಗಳು ಸಾಕಾಗುತ್ತಿಲ್ಲ. ಒಳ್ಳೆಯ ಕನಸು ಕಂಡವರೂ ಹಾಗೇ ತಪ್ಪಿದ್ದಾರೆ. ಅರ್ಥಶಾಸ್ತ್ರದ ಕೇನ್ಸ್ 1930ರಲ್ಲಿ, ನೂರು ವರ್ಷ ಆದಮೇಲೆ ಜನ ವಾರಕ್ಕೆ ಹದಿನೈದು ಗಂಟೆ ದುಡಿದರೆ ಸಾಕು ಅಂತ ಬರೆದರು. 2030 ಇನ್ನೇನು ಬಂತು. ನನ್ನ ವಾರ ಹದಿನೈದು ಗಂಟೆಗೆ ಮುಗಿಯೋ ಲಕ್ಷಣ ನಿಮಗೆ ಕಾಣಿಸ್ತಿದೆಯಾ?

ಆದರೂ ನಮ್ಮ ಆಫೀಸಿನಲ್ಲಿ ನಡೆಯುತ್ತಿರೋದನ್ನು ಮುಚ್ಚಿಡೋದಿಲ್ಲ. ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೆಲಸ, ಮೀಟಿಂಗಿನ ಟಿಪ್ಪಣಿ, ವರದಿಯ ಮೊದಲ ಕರಡು, ಇವನ್ನೆಲ್ಲ ಈಗ ಯಂತ್ರಕ್ಕೇ ಹಾಕುತ್ತಾರೆ. ನಾವೆಲ್ಲ ಕಲಿತದ್ದೇ ಆ ಸಣ್ಣಪುಟ್ಟ ಕೆಲಸ ಮಾಡುತ್ತಾ. ಮೊದಲ ಮೆಟ್ಟಿಲನ್ನೇ ಕಿತ್ತರೆ ಮಕ್ಕಳು ಹತ್ತೋದು ಹೇಗೆ? ನನಗೂ ಗೊತ್ತಿಲ್ಲ, ನಮ್ಮ ಮ್ಯಾನೇಜರಿಗೂ ಗೊತ್ತಿಲ್ಲ. ಮೊನ್ನೆ ಹೊಸ ಹುಡುಗಿಯೊಬ್ಬಳು, ಯಂತ್ರ ಬರೆದ ವರದಿಯ ಒಂದು ಮೊತ್ತದಲ್ಲಿ ಸೊನ್ನೆ ಜಾಸ್ತಿ ಬಿದ್ದಿದ್ದನ್ನು ಹಿಡಿದಳು. ನಾವು ನಾಲ್ಕು ಜನ ಅದನ್ನು ಓದಿ ಸರಿಯಿದೆ ಅಂತ ಮುಂದಕ್ಕೆ ಕಳಿಸಿದ್ದೆವು. ಇವಳು ಹಿಂದಿನ ವರ್ಷದ ಲೆಕ್ಕ ತೆಗೆದು ಪೆನ್ನು ಹಿಡಿದು ಕೂಡಿಸಿ ನೋಡಿದ್ದಳಂತೆ. ಯಾರೂ ಹೇಳಿರಲಿಲ್ಲ, ಸುಮ್ನೆ ಅನುಮಾನ ಬಂತು ಅಂದಳು. ಈಗ ಯಾವ ವರದಿ ಹೊರಗೆ ಹೋಗಬೇಕಾದರೂ ಮೊದಲು ಅವಳ ಮೇಜಿಗೆ ಬರುತ್ತೆ.

ಪುಟ್ಟನನ್ನು "ಯಾವ ಕೋರ್ಸಿಗೆ ಮುಂದೆ ಬೆಲೆ ಇದೆ" ಅಂತ ದಿನಾ ಕೇಳಬೇಡಿ ಅಪ್ಪ. ಅದು ಯಾರಿಗೂ ಗೊತ್ತಿಲ್ಲ, ಅವನಿಗೆ ನಿದ್ದೆ ಕೆಡುತ್ತೆ ಅಷ್ಟೇ. ಯಾವ ವಿಷಯದಲ್ಲಿ ಅವನು ಉತ್ತರ ಸಿಕ್ಕಮೇಲೂ ಬಿಡದೆ ಮತ್ತೆ ಮಾಡಿ ನೋಡುತ್ತಾನೆ, ಅದನ್ನು ಗಮನಿಸಿ ನನಗೆ ಹೇಳಿ. ಭಾನುವಾರ ಸಂಜೆ ಫೋನ್ ಮಾಡುತ್ತೇನೆ, ಅವನೂ ಪಕ್ಕದಲ್ಲಿರಲಿ. ರೂಮಿನ ನಕ್ಷೆ ಬರೆಸಿದ್ದರೆ ಫೋಟೋ ಕಳಿಸಿ. ಎರಡನೇ ಕಣ್ಣಿನ ಆಪರೇಷನ್ ಯಾವತ್ತು ಅಂತ ಅಮ್ಮನನ್ನೇ ಕೇಳುತ್ತೇನೆ, ನೀವು ಮುಂದಕ್ಕೆ ಹಾಕುತ್ತೀರಿ ಅಂತ ನನಗೆ ಗೊತ್ತು.

ನಿಮ್ಮ ಪ್ರೀತಿಯ ಮಗ